ಎದುರುಮನೆಗೆ ಕೇಳಲೆಂದು ರೊಟ್ಟಿ ಬಡಿದವಳು

ಖಾನಾವಳಿ ಅವ್ವನ ಬಲಗೈ ತೋರುಬೆರಳಿಗೆ ಉಗುರಿರಲಿಲ್ಲ. ಕಾದ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲೇ ತಿರುವಿ ತಿರುವಿ ಅದು ಯಾವ ಕಾಲಕ್ಕೋ ಸುಟ್ಟು ಉದುರಿತ್ತು, ಮತ್ತೆ ಬರಲಿಲ್ಲ. ಆ ಬೋಳು ಬೆರಳನ್ನು ಎದುರುಮನೆಯ ಬಾಗಿಲಿಗೆ ಚಾಚಿಕೊಂಡೇ ಆಕೆ ಮಾತು ಶುರು ಮಾಡುತ್ತಿದ್ದಳು. ಗಿರಾಕಿ ಪಲ್ಯ ಕೇಳಿದರೂ ಬೆರಳು ಮೊದಲು ಅತ್ತ ಹೋಗಿ, ಆಮೇಲೆ ಪಲ್ಯದ ಪಾತ್ರೆಗೆ ಬರುತ್ತಿತ್ತು.

ಹರಿಹರದ ಹಳೇ ಓಣಿಯಲ್ಲಿ ಆಕೆಯ ಖಾನಾವಳಿ. ಖಾನಾವಳಿ ಅಂದರೆ ಒಂದು ಮುಂದಿನ ಕೋಣೆ, ಒಂದು ಒಲೆ, ಎರಡು ಮಣೆ, ಗೋಡೆಗೆ ಒರಗಿಸಿದ ಜೋಳದ ಚೀಲ. ಎದುರಿಗೆ, ಒಂದು ಎತ್ತಿನ ಗಾಡಿ ದಾಟುವಷ್ಟು ಜಾಗ ಬಿಟ್ಟು, ಆಕೆಯ ಚಿಕ್ಕಪ್ಪನ ಕಂಬದ ಮನೆ. ಆಕೆ ಹುಟ್ಟಿದ್ದೂ ಆ ಮನೆಯಲ್ಲೇ. ಚಿಕ್ಕಪ್ಪ ಸತ್ತ ಮೇಲೆ ಅವನ ಮಗ ಅಲ್ಲಿ ಯಜಮಾನನಾಗಿದ್ದ. ಬಸ್ ಸ್ಟ್ಯಾಂಡ್ ಹತ್ತಿರ ಇಟ್ಟಿದ್ದರೆ ನಾಲ್ಕು ಪಟ್ಟು ವ್ಯಾಪಾರ ಆಗುತ್ತಿತ್ತು ಎಂದು ಯಾರಾದರೂ ಹೇಳಿದರೆ ಅವ್ವ ನಗುತ್ತಿದ್ದಳು.

"ಅಲ್ಲಿ ಗಿರಾಕಿ ಸಿಗ್ತಾರಪ್ಪ, ಇವ್ರು ಸಿಗ್ತಾರೇನು?"

ಬೆಳಿಗ್ಗೆ ಎದುರಿನ ಬಾಗಿಲು ತೆರೆದದ್ದೇ ತಡ, ರೊಟ್ಟಿ ಬಡಿಯುವ ಸದ್ದು ಜೋರಾಗುತ್ತಿತ್ತು. ಮೊದಲ ಸಲ ಊಟಕ್ಕೆ ಹೋದಾಗ ನಾನು, "ಸ್ವಲ್ಪ ಮೆತ್ತಗೆ ಬಡೀರಿ ಅವ್ವ, ಮಣೆ ಒಡೆದೀತು," ಅಂದಿದ್ದೆ. ಆಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಯಾವ ಕೆಲಸ ಮಾಡ್ತೀ?"

"ವೆಲ್ಡಿಂಗು."

"ಹಂಗಾರೆ ಕೇಳು ವೆಲ್ಡಿಂಗು. ಈ ಸಪ್ಪಳ ರೊಟ್ಟಿದು ಅಂತ ತಿಳ್ಕಂಡೀಯೇನು? ಅವರ ಬೆನ್ನಿಂದು."

ಅವತ್ತಿನಿಂದ ನನ್ನ ಹೆಸರು ವೆಲ್ಡಿಂಗು ಎಂದೇ ಆಯಿತು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅದಕ್ಕೆ ನನಗೆ ನಾಚಿಕೆಯಿಲ್ಲ. ಈ ಕೈ ಮಾಡಿದ ಗೇಟು, ಗ್ರಿಲ್ಲು, ಶೆಡ್ಡು ದಾವಣಗೆರೆ ತುಂಬ ನಿಂತಿವೆ, ಒಂದಕ್ಕೂ ಎರಡನೇ ಸಲ ಬೆಸುಗೆ ಹಾಕಿಲ್ಲ. ಆದರೆ ಆಗ ನನ್ನದಿನ್ನೂ ಹರಿಹರದಲ್ಲಿ ಬೇರೆಯವರ ಶೆಡ್ಡಿನಲ್ಲಿ ದುಡಿಮೆ. ಒಂದು ದಿನ ಗಾಜು ಒಡೆದ ಶೀಲ್ಡನ್ನೇ ಹಿಡಿದು ಸಂಜೆಯವರೆಗೆ ವೆಲ್ಡ್ ಮಾಡಿದೆ. ಮರುದಿನ ಕಣ್ಣೊಳಗೆ ಮರಳು ತುಂಬಿದ ಹಾಗೆ ಉರಿ, ಬಿಡಲಾಗಲಿಲ್ಲ. ಕೋಣೆಯಲ್ಲಿ ಬಿದ್ದಿದ್ದವನನ್ನು ಅವ್ವ ಯಾರ ಕೈಲೋ ಎತ್ತಿ ತರಿಸಿದಳು. ಆಲೂಗಡ್ಡೆ ಬಿಲ್ಲೆ ಕಣ್ಣಿಗಿಟ್ಟು, ಸೀರೆಯ ಚೂರಿನಿಂದ ಕಟ್ಟಿ, ಜೋಳದ ಚೀಲಕ್ಕೆ ಒರಗಿಸಿ ಕೂರಿಸಿದಳು. ಕಣ್ಣು ತೆರೆಯುವವರೆಗೂ ತುತ್ತು ಮಾಡಿ ಬಾಯಿಗೆ ಇಟ್ಟಳು. ಹೆತ್ತ ತಾಯಿ ನನಗೆ ಹಾಗೆ ಉಣಿಸಿದ ನೆನಪಿಲ್ಲ. ಆಕೆ ತನ್ನ ಕತೆ ಹೇಳಿದ್ದೂ ಆಗಲೇ. ಕಣ್ಣು ಕಟ್ಟಿದ್ದರಿಂದ, ಹೇಳುವಾಗ ಆಕೆ ಅತ್ತಳೋ ಇಲ್ಲವೋ ನನಗೆ ಗೊತ್ತಿಲ್ಲ. ದನಿಯಂತೂ ಅತ್ತಿರಲಿಲ್ಲ.

ಆಕೆಯ ಅಪ್ಪ ಮನೆಯ ಹಿರಿಮಗ. ಹೆಸರು ಕೊಟ್ರಬಸಪ್ಪ. ಬ್ರಿಟಿಷರ ಎರಡನೇ ದೊಡ್ಡ ಯುದ್ಧದಲ್ಲಿ ಮೈಸೂರು ದಂಡಿಗೆ ಸೇರಿ ಸಮುದ್ರ ದಾಟಿ ಹೋದ. ಆಗ ಈಕೆ ಎದೆಹಾಲು ಕುಡಿಯುವ ಕೂಸು. ಆತ ತಿರುಗಿ ಬರಲಿಲ್ಲ, ಸುದ್ದಿಯೂ ಬರಲಿಲ್ಲ. ಯುದ್ಧ ಮುಗಿಸಿ ಬಂದ ಯಾರೋ ಒಬ್ಬ, ದಂಡು ಚದುರಿ ಮಂದಿ ಕಾಡಿಗೆ ಬಿದ್ದರು ಎಂದಷ್ಟೇ ಹೇಳಿದ್ದನಂತೆ. ಚಿಕ್ಕಪ್ಪನಿಗೆ ಅಷ್ಟು ಸಾಕಾಯಿತು. ಅಣ್ಣ ಓಡಿಹೋದ, ಅಲ್ಲೇ ಯಾರನ್ನೋ ಕಟ್ಟಿಕೊಂಡ ಎಂದು ಊರೆಲ್ಲ ಹಬ್ಬಿಸಿದ. ಅಣ್ಣನ ಹೆಂಡತಿಯನ್ನೂ ಕೂಸನ್ನೂ ಮನೆಯಿಂದ ಹೊರಗೆ ಹಾಕಿದ. ತಾಯಿ ಅವರಿವರ ಮನೆಯ ಜೋಳ ಬೀಸಿ ಮಗಳನ್ನು ಸಾಕಿದಳು. ಗಂಡ ಇದ್ದಾನೋ ಇಲ್ಲವೋ ತಿಳಿಯದೆ ತಾಳಿ ಕಟ್ಟಿಕೊಂಡೇ ಸತ್ತಳು. ಮಗಳಿಗೆ ಬಂದ ಗಂಡುಗಳು ಓಡಿಹೋದವನ ಮಗಳು ಎಂದು ಎದ್ದು ಹೋದರು.

ಇಷ್ಟನ್ನೂ ನುಂಗಿಕೊಂಡೇನು, ಒಂದನ್ನು ನುಂಗಲಾರೆ ಅನ್ನುತ್ತಿದ್ದಳು ಅವ್ವ. ಬಾತಿ ಕಡೆಯ ಹೊಲದ ಮೂಲೆಯಲ್ಲಿ ಅವರ ಹಿರಿಯರ ಗದ್ದಿಗೆಗಳಿವೆ. ಅವರಲ್ಲಿ ಸತ್ತವರನ್ನು ಸುಡುವುದಿಲ್ಲ, ಅಂಗೈಯಲ್ಲಿ ಲಿಂಗ ಇಟ್ಟು ಕೂರಿಸಿ ಹೂಳುತ್ತಾರೆ. ವರ್ಷಕ್ಕೊಮ್ಮೆ, ನವರಾತ್ರಿಗೆ ಮುಂಚಿನ ಮಹಾನವಮಿ ಅಮಾವಾಸ್ಯೆಗೆ ಮನೆತನದವರೆಲ್ಲ ಸೇರಿ ಒಂದೊಂದು ಗದ್ದಿಗೆಗೂ ಎಡೆ ಇಡುತ್ತಾರೆ. ಕೊಟ್ರಬಸಪ್ಪನ ಹೆಸರಿಗೆ ಎಡೆ ಇಲ್ಲ. ಬದುಕಿರುವವನಿಗೆ ಎಡೆ ಇಡಬಾರದು ಎಂದು ಚಿಕ್ಕಪ್ಪ ಹೇಳಿದ, ಅವನ ಮಗನೂ ಅದನ್ನೇ ಹೇಳಿಕೊಂಡು ಬಂದ. ಎಂಥ ಜಾಣತನ ನೋಡಿ. ಹೊಲ ಹಂಚುವಾಗ ಆತ ಇಲ್ಲ, ಎಡೆ ಇಡುವಾಗ ಮಾತ್ರ ಇದ್ದಾನೆ.

"ಹೊಲ ಅವರೇ ಉಣ್ಲಿ," ಅವ್ವ ನನ್ನ ಬಾಯಿಗೆ ತುತ್ತು ಇಡುತ್ತ ಹೇಳಿದ್ದಳು. "ಆದ್ರೆ ಅವರ ಕೈಲೇ ನಮ್ಮಪ್ಪಗ ಎಡೆ ಇಡಿಸ್ತೀನಿ. ಇಡಿಸಿದ ಮ್ಯಾಗೇ ನಾನು ಸಾಯೋದು. ನಿನ್ನ ಕಣ್ಣಾಣೆ."

"ನನ್ನ ಕಣ್ಣು ಮೊದ್ಲೇ ಹೋಗೈತವ್ವ, ಬ್ಯಾರೆ ಆಣೆ ಇಡು," ಅಂದೆ. ತಲೆಗೆ ಒಂದು ಮೊಟಕಿದಳು.

ನನಗೆ ಮೂವತ್ತು ದಾಟಿದ ಮೇಲೆ ಸಿಂಗಾಪುರದ ಹಡಗು ರಿಪೇರಿ ಯಾರ್ಡಿಗೆ ಕಾಂಟ್ರಾಕ್ಟಿನ ಮೇಲೆ ಹೋದೆ. ಅವ್ವ ಒಂದು ಗಂಟು ಖಡಕ್ ರೊಟ್ಟಿ, ಒಂದು ತಗಡಿನ ಡಬ್ಬಿ ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟಳು. ಅಪ್ಪ ಯಾವ ದೇಶದಲ್ಲಿ ಸತ್ತ ಎಂಬುದು ಆಕೆಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಸಮುದ್ರದಾಚೆ, ಅಷ್ಟೇ.

ಹೋಗಿ ತಿಂಗಳಾಗಿರಲಿಲ್ಲ. ಒಂದು ಭಾನುವಾರ ಸೇಲಂ ಕಡೆಯ ಒಬ್ಬ ವೆಲ್ಡರ್ ಜೊತೆ ತರಕಾರಿ ತರಲು ಹೊರಟೆ. ಬೆಂಗಳೂರಿನಲ್ಲಿ ದುಡಿದವನು, ಕನ್ನಡ ಬರುತ್ತಿತ್ತು. ದಾರಿಯಲ್ಲಿ ಮಳೆ ಹಿಡಿಯಿತು. ನಮ್ಮ ಕಡೆಯ ಮಳೆಯಲ್ಲ ಅದು, ಬಾನಿ ಬೋರಲು ಹಾಕಿದ ಹಾಗೆ. ಪಕ್ಕದ ಹಸಿರು ದಿಬ್ಬದ ಮೇಲೆ ವಿಮಾನದ ರೆಕ್ಕೆಯಂಥ ಚಾವಣಿ ಕಂಡಿತು. ಅತ್ತ ಓಡಿದೆವು. ದಿಬ್ಬದ ತುಂಬ ಬಿಳಿ ಕಲ್ಲುಗಳು ದಾರ ಹಿಡಿದು ನೆಟ್ಟ ಹಾಗೆ ಸಾಲಾಗಿ ನಿಂತಿದ್ದವು. ದಾವಣಗೆರೆಯವನ ಕಣ್ಣಿಗೆ ಇನ್ನೇನು ಕಂಡೀತು? ಯಾವನೋ ಲೇಔಟ್ ಮಾಡಿ ಗಡಿಕಲ್ಲು ನೆಟ್ಟಿದ್ದಾನೆ ಅಂದುಕೊಂಡೆ. ಸೈಟು ಬಹಳ ಸಣ್ಣವಾದವು ಅಂತಲೂ ಅನಿಸಿತು.

ಚಾವಣಿಯ ಕೆಳಗೆ ಕೂತು, ಮಧ್ಯಾಹ್ನಕ್ಕೆಂದು ತಂದಿದ್ದ ಅವ್ವನ ರೊಟ್ಟಿ ಗಂಟು, ಚಟ್ನಿ ಡಬ್ಬಿ ಬಿಚ್ಚಿದೆ. ಜೊತೆಗಾರ ಕೈ ಹಿಡಿದ.

"ಅಣ್ಣಾ, ಇಲ್ಲಿ ತಿನ್ನಬೇಡ. ಇದು ಯುದ್ಧದಲ್ಲಿ ಸತ್ತವರ ಜಾಗ. ಗೋಡೆ ನೋಡು, ಎಲ್ಲಾ ಹೆಸರು."

ನೋಡಿದೆ. ನಾವು ಒರಗಿದ್ದ ಗೋಡೆ ನೆಲದಿಂದ ಮೇಲಿನವರೆಗೆ ಹೆಸರೇ ಹೆಸರು. ಹಸಿವಂತೂ ಇತ್ತು. ಹಿರಿಯರ ಗದ್ದಿಗೆ ಹತ್ತಿರ ಉಣ್ಣುವುದಾದರೆ ನಮ್ಮಲ್ಲಿ ಮೊದಲು ಅವರಿಗೆ ಎಡೆ ತೆಗೆದಿಡುತ್ತಾರೆ. ನಾನೂ ಒಂದು ರೊಟ್ಟಿ ಮುರಿದು, ಮೇಲೆ ಚಿಟಿಕೆ ಚಟ್ನಿಪುಡಿ ಹಾಕಿ ಗೋಡೆಯ ಬುಡದಲ್ಲಿಟ್ಟೆ.

"ಯಾರಿಗಣ್ಣಾ?" ಅವನು ನಕ್ಕ.

"ಯಾರಿಗೋ. ಇಷ್ಟು ಜನ ಇದಾರಲ್ಲ, ಒಬ್ಬರಿಗಾದರೂ ಹಸಿವಿದ್ದೀತು."

ಮಳೆ ಸಣ್ಣದಾದಾಗ ಅವನು ಹಿಂದುಗಡೆ ಸುತ್ತಿ ಬಂದ. ನಮ್ಮ ದೇಶದವರನ್ನು ಅವರ ಧರ್ಮದಂತೆ ಸುಟ್ಟು, ಹೆಸರನ್ನು ಹಿಂದಿನ ಗೋಡೆಯ ಮೇಲೆ ಕೆತ್ತಿದ್ದಾರೆ ಎಂದು ಅಲ್ಲಿದ್ದ ಇಂಗ್ಲಿಷು ಓದಿ ಹೇಳಿದ. ಸುಮ್ಮನೆ ನೋಡಲು ಹೋದೆ. ಡ್ರಾಯಿಂಗು, ರಾಡಿನ ಪ್ಯಾಕೆಟ್ಟು ಓದಿ ಓದಿ ದೊಡ್ಡ ಅಕ್ಷರದ ಇಂಗ್ಲಿಷು ನನಗೆ ಬರುತ್ತದೆ. ಮೈಸೂರು ಎಂದು ಕಂಡಿತು. ನಮ್ಮೂರ ಬಸ್ಸಿನ ಬೋರ್ಡು ಕಂಡಷ್ಟು ಖುಷಿಯಾಯಿತು. ಅದರ ಕೆಳಗಿನ ಹೆಸರುಗಳ ಮೇಲೆ ಬೆರಳಾಡಿಸುತ್ತ ಬಂದೆ. ಬೆರಳು ನಿಂತಿತು.

ಕೊಟ್ರಬಸಪ್ಪ.

ನಾಲ್ಕು ಸಲ ಓದಿದೆ. ಕೊಟ್ಟೂರಿನ ದೇವರಿಗೆ ನಡೆದುಕೊಳ್ಳುವ ನಮ್ಮ ಸೀಮೆಯವರು ಬಿಟ್ಟರೆ ಆ ಹೆಸರು ಯಾರಿಟ್ಟಾರು? ಅಲ್ಲಿ ನಿಂತು ನನಗೆ ಅಳು ಬಂತು, ಕೈ ಮುಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ನನ್ನ ಬಾಯಿಂದ ಮೊದಲು ಬಂದದ್ದು ಬೈಗುಳ. ಆ ಎದುರುಮನೆಯ ಬಾಗಿಲು, ಅದರ ಹಿತ್ತಾಳೆ ಗುಬ್ಬಿ, ಜಗಲಿ ಮೇಲೆ ಕೂತು ಹಲ್ಲು ಚುಚ್ಚಿಕೊಳ್ಳುವ ಯಜಮಾನ ಎಲ್ಲ ಕಣ್ಣೆದುರು ಬಂದು, "ಸಿಕ್ಕಿಬಿದ್ರಲ್ಲಲೇ ಮಕ್ಕಳಾ!" ಎಂದು ಕೂಗಿಬಿಟ್ಟೆ.

ಜೊತೆಗಾರ ಗಾಬರಿಯಾದ. "ಸಂಬಂಧಿಕರಾ ಅಣ್ಣಾ?"

"ನಮ್ಮ ಖಾನಾವಳಿ ಅವ್ವನ ಅಪ್ಪ."

ಪೈಪಿನ ಜೋಡಣೆಗೆ ಗ್ಯಾಸ್ಕೆಟ್ ಕತ್ತರಿಸುವಾಗ ನಾವು ಕಾಗದವನ್ನು ಅದರ ಬಾಯಿಗೆ ಒತ್ತಿ, ಗ್ರೀಸಿನ ಹೆಬ್ಬೆರಳಿಂದ ಉಜ್ಜಿ ಅಂಚು ಮೂಡಿಸಿಕೊಳ್ಳುತ್ತೇವೆ. ಹಾಗೇ ಮಾಡಿದೆ. ಜೊತೆಗಾರ ಬ್ರೆಡ್ಡು ತಂದಿದ್ದ ಕಂದು ಕಾಗದದ ಚೀಲ ಹರಿದು, ಹೆಸರಿನ ಮೇಲೆ ಒತ್ತಿ ಹಿಡಿದು, ಬೂಟಿಗೆ ಹತ್ತಿದ್ದ ಗ್ರೀಸು ಬಳಿದು ಉಜ್ಜಿದೆ. ಒಂದೊಂದೇ ಅಕ್ಷರ ಎದ್ದು ಬಂತು. ಡಬ್ಬಿಯ ಚಟ್ನಿಪುಡಿಯನ್ನು ರೊಟ್ಟಿ ಗಂಟಿಗೆ ಸುರಿದು, ಖಾಲಿ ಡಬ್ಬಿಗೆ ಗೋಡೆಯ ಬುಡದ ಮಣ್ಣು ತುಂಬಿದೆ. ಹುಲ್ಲು ನೋಡಿಕೊಳ್ಳುವ ಮುದುಕನೊಬ್ಬ ದೂರದಿಂದ ನೋಡಿದ. ಬೈದಾನು ಅಂದುಕೊಂಡೆ. ಮುಖ ಆ ಕಡೆ ತಿರುಗಿಸಿಕೊಂಡ.

ಇದು ಫೋನಿನಲ್ಲಿ ಹೇಳುವ ಮಾತಲ್ಲ. ಕಾಂಟ್ರಾಕ್ಟು ಮುಗಿಸಿ, ಹರಿಹರದಲ್ಲಿ ರೈಲಿಳಿದು ನೇರ ಖಾನಾವಳಿಗೆ ಹೋದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಡಬ್ಬಿ, ಕಾಗದ ಮುಂದಿಟ್ಟು ಆ ಗೋಡೆಯ ಕತೆ ಹೇಳಿದೆ. ಆಕೆ ಕೈ ನಿಲ್ಲಿಸಲಿಲ್ಲ. ಕೊನೆಗೆ ಒಂದೇ ಕೇಳಿದಳು.

"ಹೂತಾರೋ, ಸುಟ್ಟಾರೋ?"

ಈ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು. ಹೂತಿದ್ದಾರೆ ಅನ್ನಲೇ ಎಂದು ವಿಮಾನದ ದಾರಿಯುದ್ದಕ್ಕೂ ಯೋಚಿಸಿದ್ದೆ. ಆಕೆಯ ಮುಂದೆ ಕೂತಾಗ ಸುಳ್ಳು ಬರಲಿಲ್ಲ.

"ಸುಟ್ಟಾರವ್ವ."

"ಕೊರಳಾಗ ಲಿಂಗ ಇತ್ತಲ್ಲೋ."

"ಅವರಿಗೆಲ್ಲಿ ಗೊತ್ತಾಗಬೇಕು."

ಹಂಚಿನ ಮೇಲಿದ್ದ ರೊಟ್ಟಿ ಕರಿಕಾಗುವವರೆಗೂ ಆಕೆ ತಿರುವಲಿಲ್ಲ. ಅಷ್ಟು ವರ್ಷದಲ್ಲಿ ಆಕೆಯ ರೊಟ್ಟಿ ಹೊತ್ತಿದ್ದನ್ನು ನಾನು ಕಂಡದ್ದು ಅದೊಂದೇ. ಆಮೇಲೆ ಅದನ್ನು ಎತ್ತಿ ಒಲೆಗೇ ಹಾಕಿದಳು. ಬೋಳು ಬೆರಳು ಎದುರುಮನೆಗೆ ಹೋಯಿತು.

"ಸುಟ್ರೆ ಸುಡ್ಲಿ ಬಿಡು. ಓಡಿಹೋದ ಅಂದ ಬಾಯಿ ಇನ್ನ ಅದೇ ಬೆಂಕ್ಯಾಗೆ ಸುಡ್ತಾವೆ."

ಗೋಡೆಯ ಬುಡದಲ್ಲಿ ಎಡೆ ಇಟ್ಟ ಮಾತು ಹೇಳಿದಾಗ ಮಾತ್ರ ನನ್ನ ಮುಖವನ್ನೇ ನೋಡುತ್ತ ಕೂತಳು. "ನನ್ನ ಕೈ ರೊಟ್ಟಿನಾ?"

"ಹೂಂ. ಹಂಗಾರೆ ನಿಮ್ಮಪ್ಪಗ ಎಡೆ ಮುಟ್ಟಿತಲ್ಲವ್ವ. ಇನ್ನ ಅವರ ಉಸಾಬರಿ ಯಾಕ?"

"ನೀನು ಇಟ್ಟಿದ್ದು ಹೊಟ್ಟಿಗೆ. ಅವರು ಇಡೋದು ಮಾನಕ್ಕೆ."

ಆಮೇಲೆ ದಾವಣಗೆರೆಯಲ್ಲಿ ನನ್ನದೇ ಶೆಡ್ಡು ಹಾಕಿದೆ. ಆ ಶೆಡ್ಡಿನಲ್ಲಿ ಮಾಡಿದ ಮೊದಲ ಕೆಲಸ ಯಾವ ಗಿರಾಕಿಯದ್ದೂ ಅಲ್ಲ. ದಪ್ಪ ಕಬ್ಬಿಣದ ತಗಡಿನ ಮೇಲೆ ಆ ಕಾಗದವನ್ನಿಟ್ಟು ಗುರುತು ಮಾಡಿ, ಗ್ಯಾಸಿನ ಉರಿಯಲ್ಲಿ ಅಕ್ಷರ ಕೊರೆದೆ. ಕೆಳಗೆ ಕನ್ನಡದಲ್ಲೂ ಕೊರೆದೆ. ಬೆಂಕಿಯಲ್ಲಿ ಹೋದವನ ಹೆಸರು ಬೆಂಕಿಯಲ್ಲೇ ತಿರುಗಿ ಬಂತು.

ಮಹಾನವಮಿ ಅಮಾವಾಸ್ಯೆಯ ದಿನ ಬೆಳಕು ಹರಿಯುತ್ತಲೇ ಲಗೇಜ್ ಆಟೋದಲ್ಲಿ ಬಾತಿ ಕಡೆಯ ಹೊಲಕ್ಕೆ ಹೋದೆವು. ಅವ್ವನ ಮಡಿಲಲ್ಲಿ ಒಂದು ದೊಡ್ಡ ಬುಟ್ಟಿ ರೊಟ್ಟಿ. ಹಿರಿಯರ ಸಾಲಿನಲ್ಲಿ, ಚಿಕ್ಕಪ್ಪನ ಗ್ರಾನೈಟು ಗದ್ದಿಗೆಯ ಪಕ್ಕ ಗುಂಡಿ ತೋಡಿ ತಗಡು ನೆಟ್ಟು ಕಾಂಕ್ರೀಟು ಹಾಕಿದೆ. ಅದರ ಮುಂದೆ ಅವ್ವ ಡಬ್ಬಿಯ ಮಣ್ಣು ಸುರಿದಳು. ಇಷ್ಟು ತಿಂಗಳಾದರೂ ಅದಕ್ಕೆ ಶೇಂಗಾ ಚಟ್ನಿಯ ವಾಸನೆಯಿತ್ತು. ಸ್ವಲ್ಪ ಮಣ್ಣನ್ನು ಡಬ್ಬಿಯಲ್ಲೇ ಉಳಿಸಿ ಮುಚ್ಚಳ ಹಾಕಿದಳು. ಪೂಜೆಗೆಂದು ಬೇಗ ಬಂದಿದ್ದ ಮನೆತನದ ಅಯ್ಯನೋರು ಮಣ್ಣಿಗೆ ವಿಭೂತಿ ಹಾಕಿದರು. ಎಷ್ಟೋ ವರ್ಷದಿಂದ ಅವರ ರಾತ್ರಿಯೂಟ ಅವ್ವನ ಖಾನಾವಳಿಯಲ್ಲೇ.

ಎರಡು ಕಾರಿನಲ್ಲಿ ಯಜಮಾನನ ಪರಿವಾರ ಬಂತು. ರೇಷ್ಮೆ ಪಂಚೆ ಉಟ್ಟ ಯಜಮಾನ ತಗಡು ನೋಡಿ ನಕ್ಕ.

"ಏನಮ್ಮಾ ಖಾನಾವಳಿ, ಹೊಲದಾಗೆ ಹೋಟ್ಲು ಬೋರ್ಡು?"

"ನಿಮ್ಮ ದೊಡ್ಡಪ್ಪ. ಕೈ ಮುಗಿ."

ನೆರೆದವರಿಗೆ ಸಿಂಗಾಪುರದ ಕತೆಯನ್ನೆಲ್ಲ ನಾನೇ ಹೇಳಿದೆ, ಕಾಗದ ತೋರಿಸಿದೆ. ಅವನ ಹೆಂಡತಿ, ಸೊಸೆಯರು ಇಣುಕಿ ನೋಡಿದರು. ಅವನು ಬಗ್ಗಲಿಲ್ಲ.

"ಕೊಟ್ರಬಸಪ್ಪ ಅಂದ್ರೆ ಈ ಸೀಮ್ಯಾಗೆ ಕಲ್ಲೊಗದ್ರೆ ಒಬ್ಬಗ ಬಡಿತೈತೆ."

"ಹೌದಲ್ಲ," ಅವ್ವ ಅಂದಳು. "ಅದರಾಗ ದಂಡಿಗೆ ಹೋದ ಗಂಡಸು ಯಾವನು? ನಿಮ್ಮಪ್ಪ ಹೋಗಿದ್ನಾ? ನಿಮ್ಮಪ್ಪ ಹರಿಹರದ ಸಂತಿ ದಾಟಿರಲಿಲ್ಲ!"

ಯಾರೋ ಹಿಂದೆ ಕಿಸಕ್ಕೆಂದರು. ಯಜಮಾನ ಕೆಂಪಗಾಗಿ, ಇದನ್ನು ಕಿತ್ತು ಹಾಕಿಸುತ್ತೇನೆ ಎಂದ. ನಾನು ಹಾರೆ ಹಿಡಿದೇ ನಿಂತಿದ್ದೆ. "ನನ್ನ ಬೆಸುಗೆ ಕಿತ್ತವನು ಇನ್ನ ಹುಟ್ಟಿಲ್ರಿ ಯಜಮಾನ್ರೇ," ಎಂದೆ. ಅಷ್ಟರಲ್ಲಿ ಅಯ್ಯನೋರು ಕೋಲು ಊರಿ ಎದ್ದರು.

"ಮಣ್ಣಿಗೆ ವಿಭೂತಿ ಬಿದ್ದೈತಪ್ಪ. ಇನ್ನ ಅದು ಗದ್ದಿಗೆನೇ. ಹಿರೇಮಗನ್ನ ಉಪಾಸ ಕೆಡವಿ ಕಿರೇನಿಗೆ ಎಡೆ ಇಡಾಕ ಬರಂಗಿಲ್ಲ. ಇಟ್ರೂ ನಿಮ್ಮಪ್ಪ ಉಣ್ಣಂಗಿಲ್ಲ. ನಾನಂತೂ ಪೂಜಿ ಮಾಡಂಗಿಲ್ಲ."

ತಂದೆಯ ಎಡೆ ತಪ್ಪಿಸಿದವನು ಎಂಬ ಮಾತು ಹೊತ್ತು ಈ ಸೀಮೆಯಲ್ಲಿ ಯಾವ ಯಜಮಾನ ತಿರುಗಾಡಿಯಾನು? ಅವನ ಹೆಂಡತಿಯೇ, "ಇಟ್ಟುಬಿಡ್ರಿ ಅತ್ಲಾಗೆ," ಅಂದಳು. ಅವನು ತಮ್ಮ ಮನೆಯ ಬುಟ್ಟಿಗೆ ಕೈ ಹಾಕಿದ. ಅವ್ವ ತಡೆದಳು.

"ಅದು ಬ್ಯಾಡ. ಇದು ತಗಾ."

ತನ್ನ ಬುಟ್ಟಿಯಿಂದ ಒಂದು ರೊಟ್ಟಿ ಕೊಟ್ಟಳು. ಅವನು ಬಗ್ಗಿ ಇಟ್ಟ. ಏಳುವಷ್ಟರಲ್ಲಿ ಇನ್ನೊಂದು ಚಾಚಿದಳು. ಅದನ್ನೂ ಇಟ್ಟ. ಮತ್ತೊಂದು.

"ಎಷ್ಟಿಡೋದು?"

"ಎಷ್ಟು ವರ್ಷ ತಪ್ಪಿಸಿದ್ರೋ ಅಷ್ಟು. ನಿಮ್ಮಪ್ಪಂದೂ ಸೇರಿ."

ಬುಟ್ಟಿ ದೊಡ್ಡದಾಗಿತ್ತು. ಆ ದಪ್ಪ ಶರೀರ ಬಗ್ಗಿತು, ಎದ್ದಿತು, ಬಗ್ಗಿತು. ರೇಷ್ಮೆ ಪಂಚೆಗೆ ಹೊಲದ ಕರಿಮಣ್ಣು ಹತ್ತಿತು. ಹಣೆಯ ವಿಭೂತಿ ಬೆವರಿನಲ್ಲಿ ಇಳಿದು ಮೂಗಿಗೆ ಬಂತು. ನೋಡುತ್ತ ನಿಂತ ನನಗೆ ಒಂದಿಷ್ಟೂ ಕನಿಕರ ಬರಲಿಲ್ಲ, ಈಗಲೂ ಇಲ್ಲ. ಅರ್ಧ ಬುಟ್ಟಿಗೆ ಅವನು ಮಂಡಿಯೂರಿ ಕೂತುಬಿಟ್ಟ.

"ಸಾಕು ಮಾಡಕ್ಕ."

ಹುಟ್ಟಿದಾಗಿನಿಂದ ಆಕೆಯನ್ನು ಅಕ್ಕ ಎಂದದ್ದು ಅದೇ ಮೊದಲು. ಅವ್ವನ ಮುಖದಲ್ಲಿ ಒಂದು ಗಳಿಗೆ ಏನೋ ಸುಳಿದು ಹೋಯಿತು. ಈಗ ಕರಗಿದಳು ಅಂದುಕೊಂಡೆ.

"ಅಕ್ಕ ಅಂದ್ಯಾ?" ಅಂದಳು. "ಹಂಗಾರೆ ಇದು ಅಕ್ಕನ ಲೆಕ್ಕದ್ದು, ಹೆಚ್ಚಿಗೆ ಒಂದು." ಬುಟ್ಟಿ ಬರಿದಾಗುವವರೆಗೆ ಬಿಡಲಿಲ್ಲ.

ಮುಂದಿನ ವರ್ಷ ಯಜಮಾನ ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಬಂಗಲೆ ಕಟ್ಟಿಸಿ ಹರಿಹರ ಬಿಟ್ಟ. ಗೇಟು ಮಾಡಿಕೊಡು ಎಂದು ನನಗೇ ಹೇಳಿಕಳಿಸಿದ್ದ. ಮಾಡಲಿಲ್ಲ. ಸಾಮಾನಿನ ಲಾರಿ ಓಣಿಯಿಂದ ಹೊರಟಾಗ ಅವ್ವ ಬಾಗಿಲಿಗೆ ಬಂದು ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು: "ನೋಡ್ರವ್ವಾ, ಓಡಿಹೋಗೋರು ಯಾರಂತ!"

ಆಮೇಲೂ ಆಕೆ ಬಹಳ ವರ್ಷ ರೊಟ್ಟಿ ಬಡಿದಳು. ಎದುರಿಗೆ ಬೀಗ ಹಾಕಿದ ಬಾಗಿಲು, ಸದ್ದು ಮಾತ್ರ ಮೊದಲಿನಷ್ಟೇ. ಬಡಿಯಲಾಗದ ಕಾಲಕ್ಕೆ ನಾನು ದಾವಣಗೆರೆಯ ನನ್ನ ಮನೆಗೆ ಕರೆತಂದೆ. ನನ್ನ ಹೆಂಡತಿ ಮಾಡಿದ ರೊಟ್ಟಿ ಮುರಿದು ನೋಡಿ, "ಸಿಟ್ಟಿಲ್ಲ ಇದರಾಗೆ, ಅದಕ್ಕೇ ಸಪ್ಪಗೈತೆ," ಅನ್ನುತ್ತಿದ್ದಳು. ಈ ಸಲ ತುತ್ತು ಮಾಡುವ ಸರದಿ ನನ್ನದಾಗಿತ್ತು. ನನ್ನದು ಸಣ್ಣ ತುತ್ತಾಯಿತು ಎಂದು ಅದಕ್ಕೂ ಬೈಯುತ್ತಿದ್ದಳು. ಜೀವ ಹೋಗುವ ಮುಂಚೆ ತಲೆದಿಂಬಿನ ಪಕ್ಕದ ಡಬ್ಬಿ ತೋರಿಸಿದಳು.

"ನನ್ನ ಮ್ಯಾಲೆ ಬೀಳೋ ಮೊದಲನೇ ಮಣ್ಣು ಅಪ್ಪಂದು. ಉಳಿದಿದ್ದು ನೀನು ಹಾಕು. ಎದುರುಮನೆಯವನ ಕೈಲಿ ಮಾತ್ರ ಹಾಕಿಸಬ್ಯಾಡ."

ಬಾತಿ ಕಡೆಯ ಆ ಹೊಲದಲ್ಲೇ, ಕಬ್ಬಿಣದ ಹೆಸರಿನ ಪಕ್ಕ ಆಕೆಯನ್ನು ಕೂರಿಸಿದೆವು. ಊರ ಹಿರಿಯರು ಹೇಳಿದ್ದಕ್ಕೆ ಯಜಮಾನ ಇಲ್ಲ ಅನ್ನಲಿಲ್ಲ. ಜಾಗ ಕೊಟ್ಟೆನೆಂಬ ಗತ್ತಿನಲ್ಲಿ ಮುಂದೆಯೇ ನಿಂತಿದ್ದ. ಆಕೆಯ ಅಂಗೈಯಲ್ಲಿ ಲಿಂಗ ಇಟ್ಟರು. ಬೋಳು ಬೆರಳು ಮಡಚಲಿಲ್ಲ, ಹಾಗೇ ಚಾಚಿಕೊಂಡಿತ್ತು. ನಾನು ಡಬ್ಬಿಯ ಮಣ್ಣು ಹಾಕಿದೆ.

ಯಜಮಾನ ಬಗ್ಗಿ ಒಂದು ಹಿಡಿ ಮಣ್ಣೆತ್ತಿಕೊಂಡು ಗುಂಡಿಯ ಅಂಚಿಗೆ ಬಂದ. ನಾನು ಅವನ ಬಲ ಮಣಿಕಟ್ಟು ಹಿಡಿದೆ. ನಲವತ್ತು ವರ್ಷ ಕಬ್ಬಿಣ ಹಿಡಿದ ಕೈ ಇದು.

"ಬ್ಯಾಡ್ರಿ," ಅಂದೆ. "ಆಕಿ ಬ್ಯಾಡ ಅಂದಾಳೆ."

ಮಂದಿಯೆಲ್ಲ ನೋಡುತ್ತಿದ್ದರು. ಅವನು ಜಗ್ಗಿದ, ನಾನು ಬಿಡಲಿಲ್ಲ. ಹಿಡಿದ ಮಣ್ಣು ಬೆರಳ ಸಂದಿಯಿಂದ ಅವನ ಕಾಲ ಮೇಲೆಯೇ ಉದುರಿತು. ಪೂರಾ ಉದುರಿದ ಮೇಲೆ ಕೈ ಬಿಟ್ಟೆ.

ವರ್ಷಕ್ಕೊಮ್ಮೆ ಆ ತಗಡಿಗೆ ರೆಡ್ ಆಕ್ಸೈಡ್ ಬಳಿದು, ಇಬ್ಬರಿಗೂ ಎಡೆ ಇಟ್ಟು ಬರುತ್ತೇನೆ. ಯಜಮಾನನೂ ಅವತ್ತು ಅಲ್ಲಿಗೆ ಬರುತ್ತಾನೆ, ಹಿರಿಯರೆಲ್ಲರಿಗಿಂತ ಮೊದಲು ದೊಡ್ಡಪ್ಪನಿಗೆ ಬಗ್ಗುತ್ತಾನೆ. ನನ್ನನ್ನು ಕಂಡರೆ ಈಗಲೂ ಬಲಗೈ ಬೆನ್ನ ಹಿಂದಕ್ಕೆ ಇಟ್ಟುಕೊಳ್ಳುತ್ತಾನೆ.